ನಂಬಿದವರು ಮೋಸ ಮಾಡಿದಾಗ ದೇವರ ಮುಂದೆ ಕೂರುವುದು ಹೇಗೆ

ನಂಬಿದವರಿಂದ ಏಟು ತಿಂದವರಿಗೆ ನಮ್ಮ ಹಿರಿಯರು ಹೇಳುವುದು ಎರಡೇ ಮಾತು. "ಹೋಗಲಿ ಬಿಡು, ದೇವರು ನೋಡಿಕೊಳ್ಳುತ್ತಾನೆ" ಎನ್ನುತ್ತಾರೆ, ಇಲ್ಲವೇ "ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತದೆ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಆ ಹಳೆಯ ಮಾತುಕತೆಯನ್ನೇ ತಿರುವಿ ಹಾಕುತ್ತಾ ಮಲಗಿರುವವರಿಗೆ ಬೆಳಗ್ಗೆ ಎದ್ದು ಏನು ಮಾಡಬೇಕೆಂಬುದು ಇದರಿಂದ ತಿಳಿಯುವುದಿಲ್ಲ. ಏನು ಮಾಡಬಹುದು ಎಂಬುದನ್ನು ನಾನು ನಡೆದ ದಾರಿಯಿಂದ ಹೇಳುತ್ತೇನೆ.

ನಾನು ಮೈಸೂರಿನವಳು, ನಿವೃತ್ತ ಶಾಲಾ ಶಿಕ್ಷಕಿ. ಭಜನಾ ಮಂಡಳಿಯಲ್ಲಿ ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ತಾಳ ಹಿಡಿದು ಕುಳಿತ ಗೆಳತಿಗೆ, ಅವಳ ಮಗಳ ಮದುವೆಗೆಂದು, ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು ಕೈಗಡವಾಗಿ ಕೊಟ್ಟಿದ್ದೆ. ನಮ್ಮ ಮನೆಯ ದೇವರ ದೀಪದ ಮುಂದೆ ನಿಂತು, ಹಿಂತಿರುಗಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು. ಆಮೇಲೆ ಅದು ಸಾಲವೇ ಅಲ್ಲ, ಮದುವೆಗೆ ಉಡುಗೊರೆಯಾಗಿ ಕೊಟ್ಟದ್ದು ಎಂದಳು. ನಾನೇ ಸುಳ್ಳು ಹೇಳುತ್ತಿದ್ದೇನೆ ಎಂದು ಮಂಡಳಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ಹಣ ಹೋದದ್ದಕ್ಕಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಆ ದೀಪದ ಮುಂದೆ ಕುಳಿತರೆ ಸಾಕು, ಅವಳ ಮಾತು ಕಿವಿಗೆ ಬೀಳುತ್ತಿತ್ತು. ಪೂಜೆಯ ಜಾಗವೇ ನನಗೆ ಪರಕೀಯವಾಯಿತು.

ನಿಮಗೂ ಹಾಗಾಗಿದ್ದರೆ ಮೊದಲು ಜಾಗ ಬದಲಿಸಿ. ದೇವರು ಮುನಿಯುವುದಿಲ್ಲ. ದೇವರ ಮನೆಯಲ್ಲಿ ದೀಪ ಹಚ್ಚಿ ನಮಸ್ಕಾರ ಮಾಡಿ ಎದ್ದುಬಿಡಿ. ಜಪ, ಪಾರಾಯಣವನ್ನು ತುಳಸಿಕಟ್ಟೆಯ ಬಳಿಯೋ ಮಹಡಿಯ ಮೇಲೋ ಇಟ್ಟುಕೊಳ್ಳಿ. ಮೋಸ ಮಾಡಿದವರು ನಿಮ್ಮ ದೇವಸ್ಥಾನಕ್ಕೇ ಬರುವವರಾದರೆ ಸಮಯ ಬದಲಿಸಿ, ಬೇರೆ ಗುಡಿಗೆ ಹೋಗಿ. ಆದರೆ ದೀಪ ಹಚ್ಚುವುದನ್ನು ಮಾತ್ರ ನಿಲ್ಲಿಸಬೇಡಿ. ಅವರು ನಿಮ್ಮ ಹಣವನ್ನು ತೆಗೆದುಕೊಂಡಿರಬಹುದು, ನಿಮ್ಮ ಸಂಜೆಯ ದೀಪವನ್ನು ತೆಗೆದುಕೊಂಡು ಹೋಗಲು ಬಿಡಬೇಡಿ.

ಏನನ್ನು ಬೇಡಿಕೊಳ್ಳಬೇಕು

ಯಾವುದೇ ವ್ರತಕ್ಕೆ ಮೊದಲು ಸಂಕಲ್ಪವಿರುತ್ತದೆ. ಬಲಗೈಯಲ್ಲಿ ಅಕ್ಷತೆ ಹಿಡಿದು, ಇಂಥ ಊರಿನಲ್ಲಿ, ಇಂಥ ತಿಥಿಯಲ್ಲಿ, ಇಂಥ ಹೆಸರಿನ ನಾನು ಇಂಥದ್ದಕ್ಕಾಗಿ ಇದನ್ನು ಮಾಡುತ್ತೇನೆ ಎಂದು ಹೇಳಿ, ಉದ್ಧರಣೆಯಿಂದ, ಅಂದರೆ ಪೂಜೆಯ ಪುಟ್ಟ ಚಮಚದಿಂದ, ನೀರು ಹಾಕಿ ತಟ್ಟೆಗೆ ಬಿಡುತ್ತೇವೆ. ಸಂಸ್ಕೃತ ಬಾರದಿದ್ದರೆ ಕನ್ನಡದಲ್ಲೇ ಹೇಳಿ. ನೊಂದವರು ಎಡವುವುದು "ಇಂಥದ್ದಕ್ಕಾಗಿ" ಎಂಬ ಕಡೆಯಲ್ಲಿ. "ಅವಳಿಗೆ ತಕ್ಕ ಶಾಸ್ತಿಯಾಗಲಿ" ಎಂದು ಸಂಕಲ್ಪ ಮಾಡಿದರೆ ಪ್ರತಿದಿನ ಪೂಜೆ ಮುಗಿದ ಮೇಲೆ ಅವಳಿಗೆ ಏನಾಯಿತು ಎಂದು ವಿಚಾರಿಸುತ್ತಾ ಕೂರಬೇಕಾಗುತ್ತದೆ. "ನನ್ನ ಹಣ ಬರಲಿ" ಎಂದರೆ, ಬಾರದ ದಿನ ದೇವರ ಮೇಲೂ ನಂಬಿಕೆ ಹೋಗುತ್ತದೆ. ನಿಮಗೆ ಸಂಬಂಧಪಟ್ಟದ್ದನ್ನು ಕೇಳಿ. "ಈ ವಿಷಯ ನನ್ನ ನಿದ್ದೆಯನ್ನು ಕೆಡಿಸದಿರಲಿ, ಇನ್ನೊಬ್ಬರನ್ನು ನಂಬುವ ಶಕ್ತಿ ನನ್ನಲ್ಲಿ ಉಳಿಯಲಿ" ಎಂಬುದು ನನ್ನ ಸಂಕಲ್ಪವಾಗಿತ್ತು. ಅವಧಿಯನ್ನೂ ಹೇಳಿ, ಒಂದು ಮಂಡಲ ಎಂದರೆ 48 ದಿನ, ಆರಂಭಕ್ಕೆ ಅಷ್ಟು ಸಾಕು.

ಶತ್ರು ಸಂಹಾರ ಪೂಜೆ, ತಡೆ ಒಡೆಸುವುದು, ಮಾಟ ತೆಗೆಸುವುದು ಎಂದು ಸಲಹೆ ಕೊಡುವವರು ಈ ಹೊತ್ತಿನಲ್ಲಿ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ನೊಂದ ಮನಸ್ಸನ್ನು ಹೆದರಿಸಿ ಹಣ ಕೀಳುವವರ ಹತ್ತಿರ ಹೋಗಬೇಡಿ. ಒಮ್ಮೆ ಮೋಸ ಹೋದವರು ಎರಡನೆಯ ಬಾರಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಜಪ, ಬರಹ, ಮೆಟ್ಟಿಲು

ಭಗವದ್ಗೀತೆಯ ಎರಡನೆಯ ಅಧ್ಯಾಯದ 62 ಮತ್ತು 63ನೆಯ ಶ್ಲೋಕಗಳನ್ನು ಅರ್ಥ ಸಹಿತ ಓದಿ. ಒಂದು ವಿಷಯವನ್ನೇ ಚಿಂತಿಸುತ್ತಿದ್ದರೆ ಅದರಲ್ಲಿ ಅಂಟು ಹುಟ್ಟುತ್ತದೆ, ಅಂಟಿನಿಂದ ಆಸೆ, ಆಸೆಯಿಂದ ಕ್ರೋಧ, ಕ್ರೋಧದಿಂದ ಮೋಹ, ಅಂದರೆ ವಿವೇಕಕ್ಕೆ ಕವಿಯುವ ಮಂಕು, ಮೋಹದಿಂದ ನೆನಪಿನ ಗೊಂದಲ, ಕೊನೆಗೆ ಬುದ್ಧಿನಾಶ. ನನಗೆ ಇದರಲ್ಲಿ ಕಂಡ ದಾರಿ ಇಷ್ಟು: ಕ್ರೋಧ ಬಂದ ಮೇಲೆ ಅದರೊಂದಿಗೆ ಗುದ್ದಾಡುವುದು ಕಷ್ಟ, ಚಿಂತನೆ ಶುರುವಾಗುವ ಜಾಗದಲ್ಲೇ ಕೈ ಹಾಕಬೇಕು. ಜಪ ಮಾಡುವ ಕೆಲಸವೇ ಅದು.

ತುಳಸಿಮಣಿಯೋ ರುದ್ರಾಕ್ಷಿಯೋ, ನಿಮ್ಮ ಮನೆಯ ಸಂಪ್ರದಾಯದಂತೆ 108 ಮಣಿಯ ಸರ ತೆಗೆದುಕೊಳ್ಳಿ. ಮಧ್ಯದ ಬೆರಳಿನ ಮೇಲೆ ಸರವಿಟ್ಟು ಹೆಬ್ಬೆರಳಿನಿಂದ ಎಳೆಯಬೇಕು, ತೋರುಬೆರಳು ತಾಗಬಾರದು. ಸರದ ಎರಡು ತುದಿ ಸೇರುವಲ್ಲಿನ ಮೇರುಮಣಿ ಬಂದಾಗ ಅದನ್ನು ದಾಟದೆ ಸರವನ್ನು ತಿರುಗಿಸಿಕೊಳ್ಳಬೇಕು. ಮಂತ್ರೋಪದೇಶ ಆಗಿಲ್ಲದವರು ಇಷ್ಟದೇವರ ಹೆಸರನ್ನೇ ಹೇಳಬಹುದು. ಮಧ್ಯದಲ್ಲಿ ಮೋಸ ಮಾಡಿದವರ ಮುಖ ಕಣ್ಣ ಮುಂದೆ ಬರುತ್ತದೆ, ಬರಲಿ. ಬಂದದ್ದನ್ನು ಓಡಿಸಲು ಹೋಗದೆ ಮುಂದಿನ ಮಣಿಗೆ ಹೋಗಿ. ಸರ ಪೂರ್ತಿ ಅವರ ಯೋಚನೆಯಲ್ಲೇ ಕಳೆದರೂ ಬೆರಳು ನಿಲ್ಲಿಸಬೇಡಿ.

ಕೋಪ ಉಕ್ಕಿ ಕೈ ನಡುಗುವ ದಿನ ಮಣಿಸರ ಕೆಲಸಕ್ಕೆ ಬರುವುದಿಲ್ಲ. ಅಂದು ರಾಮಕೋಟಿ ಬರೆಯುವವರ ಹಾಗೆ ನೋಟ್‌ಪುಸ್ತಕದಲ್ಲಿ "ಶ್ರೀರಾಮ" ಎಂದು ಬರೆಯುತ್ತಾ ಹೋಗಿ. ಬರೆಯುವ ಕೈಗೆ ಮೊಬೈಲ್‌ನಲ್ಲಿ ಅವರಿಗೆ ಕಟುವಾದ ಸಂದೇಶ ಕಳುಹಿಸಲು ಬಿಡುವಿರುವುದಿಲ್ಲ; ಅದೂ ಒಂದು ಲಾಭ.

ಮನಸ್ಸು ಕೂರಲೇ ಒಪ್ಪದಿದ್ದರೆ ದೇಹಕ್ಕೆ ಕೆಲಸ ಕೊಡಿ. ನಮ್ಮ ಚಾಮುಂಡಿ ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲುಗಳಿವೆ. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ನೋಡಿರುತ್ತೀರಿ. ನಾನೂ ಹಾಗೆ ಹತ್ತಿದೆ. ಮೊದಲ ಮೆಟ್ಟಿಲುಗಳಲ್ಲಿ ಮನಸ್ಸಿನಲ್ಲಿ ಅವಳ ಜೊತೆ ವಾದ ನಡೆಯುತ್ತಲೇ ಇತ್ತು. ನಂದಿಯ ಹತ್ತಿರ ಬರುವ ಹೊತ್ತಿಗೆ ಸೊಂಟದ ನೋವಿನ ಮುಂದೆ ವಾದಕ್ಕೆ ಉಸಿರೇ ಇರಲಿಲ್ಲ. ಆ ಬೃಹತ್ ಏಕಶಿಲಾ ನಂದಿಯ ನೆರಳಿನಲ್ಲಿ ಕುಳಿತು ಅತ್ತೆ, ಬಹಳ ದಿನಗಳ ನಂತರ. ಮಂಡಿನೋವು, ಹೃದಯದ ತೊಂದರೆ ಇರುವವರು ಮನೆಯ ಹತ್ತಿರದ ಗುಡಿಯಲ್ಲಿ ನಿಧಾನವಾಗಿ ಪ್ರದಕ್ಷಿಣೆ ಹಾಕಿದರೂ ಸಾಕು.

ಕ್ಷಮಿಸಲು ಆತುರ ಬೇಡ

ಕ್ಷಮೆಯನ್ನು ಗೀತೆ ದೈವೀ ಸಂಪತ್ತಿನಲ್ಲಿ, ಅಂದರೆ ದೈವೀ ಗುಣಗಳಲ್ಲಿ, ಸೇರಿಸಿದೆ, ನಿಜ. ಆದರೆ ಮೋಸ ಮಾಡಿದವರ ಜೊತೆ ಮೊದಲಿನಂತೆಯೇ ಇರಬೇಕು ಎಂದು ಅದಕ್ಕೆ ಅರ್ಥ ಹಚ್ಚುವವರನ್ನು ನಾನು ಒಪ್ಪುವುದಿಲ್ಲ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರ ನಾಲ್ಕು ಭಾವಗಳನ್ನು ಹೇಳುತ್ತದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಸಂತೋಷ, ಪಾಪ ಮಾಡುವವರಲ್ಲಿ ಉಪೇಕ್ಷೆ. ನಾಲ್ಕನೆಯದನ್ನು ಗಮನಿಸಿ. ಅಲ್ಲಿ ಪ್ರೀತಿಸು ಎಂದಿಲ್ಲ, ದ್ವೇಷಿಸು ಎಂದೂ ಇಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಹೇಳಿ ಮುಂದೆ ಹೋಗುವುದು, ಅವರ ಮನೆಯ ಸುದ್ದಿ ಕೇಳದಿರುವುದು, ಯಾರಾದರೂ ಹೇಳಲು ಬಂದರೆ ಮಾತು ಬದಲಿಸುವುದು, ಅವರ ಸ್ಟೇಟಸ್ ನೋಡದಿರುವುದು: ಇದೇ ನನಗೆ ತಿಳಿದ ಉಪೇಕ್ಷೆ. ನಾನು ಏಕಾದಶಿಯಿಂದ ಶುರು ಮಾಡಿದೆ. ಉಪವಾಸದ ಜೊತೆಗೆ ಆ ದಿನ ಅವಳ ಹೆಸರೆತ್ತುವುದಿಲ್ಲ ಎಂಬ ನಿಯಮ ಸೇರಿಸಿಕೊಂಡೆ. ಅನ್ನ ಬಿಡುವುದು ಸುಲಭವಾಗಿತ್ತು.

ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸು ಎಂದು ಮಂಡಳಿಯ ಹಿರಿಯರೊಬ್ಬರು ಹೇಳಿದರು. "ಮಾತು ಬಿಡ ಮಂಜುನಾಥ" ಎಂಬ ನಂಬಿಕೆಯಲ್ಲಿ ಬೆಳೆದವಳು ನಾನು, ಆ ಸನ್ನಿಧಿಯ ಮೇಲೆ ನನಗೆ ಅಪಾರ ಭಕ್ತಿಯಿದೆ. ಆದರೂ ಬೇಡವೆಂದೆ. ಅವಳು ಸುಳ್ಳು ಆಣೆ ಮಾಡಿಬಿಟ್ಟರೆ ಅಂದಿನಿಂದ ಅವಳ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನನ್ನ ಕಿವಿ ಅತ್ತ ಹೋಗುತ್ತದೆ. ಅವಳ ಮಗಳನ್ನು ಎತ್ತಿ ಆಡಿಸಿದ ಕೈ ಇದು. ಆ ಮಗುವಿನ ಕೆಡುಕಿಗೆ ಕಾಯುವ ಮನಸ್ಸು ನನಗೆ ಬೇಡವಾಗಿತ್ತು.

ಹಕ್ಕಿನ ಕೆಲಸವೂ ನಡೆಯಲಿ

ಉಪೇಕ್ಷೆ ಎಂದರೆ ಹಣ ಬಿಟ್ಟುಕೊಡುವುದು ಎಂದಲ್ಲ. ಶ್ರೀಕೃಷ್ಣ ಸಂಧಾನಕ್ಕೆ ಹೋದಾಗಲೂ ಪಾಂಡವರ ಪಾಲನ್ನು ಮರೆತು ಹೋಗಲಿಲ್ಲ, ಐದು ಊರುಗಳನ್ನಾದರೂ ಕೊಡಿ ಎಂದು ಕೇಳಿದ. ಮನಸ್ಸಿನ ಕೆಲಸವನ್ನು ದೇವರ ಮುಂದೆ ಮಾಡಿ, ಹಣದ ಕೆಲಸವನ್ನು ಕಾಗದದ ಮೇಲೆ ಮಾಡಿ. ಒಂದಕ್ಕಾಗಿ ಇನ್ನೊಂದನ್ನು ಕಾಯಿಸಬೇಡಿ, ಏಕೆಂದರೆ ಕಾನೂನಿನಲ್ಲಿ ಗಡುವುಗಳಿವೆ. ಸಾಮಾನ್ಯವಾಗಿ ಕೈಗಡದ ವಸೂಲಿಗೆ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಚೆಕ್ ಬೌನ್ಸ್ ಆಗಿದ್ದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಅವಕಾಶ, ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ದಾಖಲಾಗಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಾನು ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಅವಳ ಹಳೆಯ ಸಂದೇಶಗಳ ಪ್ರತಿ ಹಿಡಿದು ಅಲ್ಲಿಗೇ ಹೋದೆ. ಸಂಧಾನದಲ್ಲಿ ಕಂತಿನ ಮೇಲೆ ಕೊಡಲು ಒಪ್ಪಿದಳು. ಪೂರ್ತಿ ಬಂದಿಲ್ಲ, ಬರುತ್ತಿದೆ.

ಎದುರು ಕುಳಿತು ಮಾತನಾಡುವ ಸಂದರ್ಭ ಬಂದರೆ ಗೀತೆಯ 17ನೆಯ ಅಧ್ಯಾಯದಲ್ಲಿ ಬರುವ ಮಾತಿನ ತಪಸ್ಸನ್ನು ನೆನೆಯಿರಿ: ಕೆರಳಿಸದ, ಸತ್ಯವಾದ, ಪ್ರಿಯವೂ ಹಿತವೂ ಆದ ಮಾತು. ಹೇಳಬೇಕಾದ ಮೂರು ನಾಲ್ಕು ವಾಕ್ಯಗಳನ್ನು ಮೊದಲೇ ಬರೆದುಕೊಂಡು ಇವುಗಳಲ್ಲಿ ಯಾವುದು ಕೆರಳಿಸುತ್ತದೆ ಎಂದು ನೋಡಿ. "ನೀನು ಮೋಸಗಾತಿ" ಎಂದು ಬರೆದುಕೊಂಡಿದ್ದೆ. ಅದನ್ನು ಹೊಡೆದು, "ಈ ತಾರೀಖು ನಿನ್ನ ಖಾತೆಗೆ ಇಷ್ಟು ಹಣ ಹಾಕಿದ್ದೇನೆ, ಯಾವಾಗ ಕೊಡುತ್ತೀಯೆ?" ಎಂದು ಬರೆದೆ. ಅದಕ್ಕೆ ಅವಳ ಬಳಿ ಉತ್ತರ ತಪ್ಪಿಸುವ ದಾರಿ ಇರಲಿಲ್ಲ.

ಮತ್ತೆ ನಂಬಲು

ಮಂಡಲ ಮುಗಿದರೂ ನಿದ್ದೆ, ಊಟ ಸರಿಯಾಗದಿದ್ದರೆ, ಬದುಕು ಸಾಕೆನಿಸಿದರೆ, ಇನ್ನೂ ಭಕ್ತಿ ಸಾಲದು ಎಂದುಕೊಳ್ಳಬೇಡಿ. ವೈದ್ಯರ ಬಳಿ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಬದುಕು ಸಾಕೆನಿಸಿದವರು ಮಂಡಲ ಮುಗಿಯುವುದನ್ನು ಕಾಯಲೇಬಾರದು.

ಉಳಿದವರಿಗೆ ನನ್ನ ಸಲಹೆ ಸೇವೆ. ದೇವಸ್ಥಾನದಲ್ಲಿ ಅನ್ನಸಂತರ್ಪಣೆಗೆ ತರಕಾರಿ ಹೆಚ್ಚಲು ಹೋಗಿ. ಅಲ್ಲಿ ಪಕ್ಕದಲ್ಲಿ ಕುಳಿತವರಿಗೆ ಈಳಿಗೆಮಣೆ ದಾಟಿಸುತ್ತೀರಿ, ನಿಮ್ಮ ಚೀಲ ನೋಡಿಕೊಳ್ಳಿ ಎಂದು ಹೇಳಿ ಕೈ ತೊಳೆಯಲು ಹೋಗುತ್ತೀರಿ. ಹೀಗೆ ಸಣ್ಣದರಲ್ಲಿ ನಂಬುವುದು ಮತ್ತೆ ರೂಢಿಯಾಗುತ್ತದೆ. ದೊಡ್ಡದಕ್ಕೆ ಆತುರ ಬೇಡ, ಮತ್ತು ಇನ್ನು ಮುಂದೆ ಹಣ ಕೊಟ್ಟರೆ ಬರಹವಿರಲಿ. ಬರಹ ಕೇಳಿದರೆ ಸ್ನೇಹಕ್ಕೆ ಅವಮಾನ ಎನ್ನುವವರಿಗೆ ಕೊಡಬೇಡಿ.

ಸಂಕ್ರಾಂತಿಗೆ ಅವರ ಮನೆಗೆ ಎಳ್ಳು ಬೀರಬೇಕೆ ಎಂದು ಹಲವರು ಕೇಳುತ್ತಾರೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡು ಎಂದು ಹೇಳಿ ಕೊಡುವ ವಸ್ತು ಅದು. ಆ ಮಾತನ್ನು ಮನಸ್ಸಿನಿಂದ ಹೇಳಲು ಆಗುವುದಾದರೆ ಕೊಡಿ. ಆಗದಿದ್ದರೆ ಈ ವರ್ಷ ಬಿಡಿ, ಊರವರು ಏನೆಂದುಕೊಳ್ಳುತ್ತಾರೋ ಎಂದು ಹೋಗಬೇಡಿ. ನಾನು ಹೋದ ಸಂಕ್ರಾಂತಿಗೆ ಅವಳ ಮಗಳಿಗೆ ಮಾತ್ರ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಕಳುಹಿಸಿದೆ.