ಮಗಳು ಕ್ಲಬ್ ಸಾಕರ್‌ ಆಡ್ತಿದ್ದಾಳಾ? ಮೊದಲು ವಾರ್ಮ್‌ಅಪ್ ನೋಡಿ

ಇಲ್ಲಿ ಅಮೆರಿಕದಲ್ಲಿ ಮಗಳನ್ನು ದೊಡ್ಡ ಕ್ಲಬ್‌ಗೆ ಸೇರಿಸಲು ಓಡಾಡುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಇಸಿಎನ್‌ಎಲ್, ಗರ್ಲ್ಸ್ ಅಕಾಡೆಮಿ ಅಂತ ಲೀಗ್ ಹೆಸರಿನ ಚರ್ಚೆಯೇ ಜಾಸ್ತಿ. ಮೊಣಕಾಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು, ಅದೂ ಹದಿಹರೆಯದಲ್ಲಿ. ಹರಿದರೆ ಎಷ್ಟೋ ಸಲ ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಆಟ ಬಂದ್.

ಟ್ರೈಔಟ್‌ಗೆ, ಅಂದರೆ ಕ್ಲಬ್‌ನ ಆಯ್ಕೆ ಪರೀಕ್ಷೆಗೆ ಮೊದಲು ಸುಮ್ನೆ ಹೋಗಿ ಒಂದು ಪ್ರಾಕ್ಟೀಸ್ ನೋಡಿ. ಎರಡು ಸುತ್ತು ಓಡಿಸಿ ಬಿಟ್ಟುಬಿಡುತ್ತಾರಾ, ಇಲ್ಲ ಗಾಯ ತಡೆಯಲೆಂದೇ ಮಾಡಿದ ಫಿಫಾ 11+ ತರಹದ ವಾರ್ಮ್‌ಅಪ್ ಮಾಡಿಸುತ್ತಾರಾ? ಅದು ಸುಮಾರು 20 ನಿಮಿಷದ್ದು. ಓಟ, ಪ್ಲ್ಯಾಂಕ್, ಒಂಟಿ ಕಾಲಿನ ಬ್ಯಾಲೆನ್ಸ್, ಜಿಗಿತ ಎಲ್ಲ ಇರುತ್ತದೆ. ಮಗಳು ಮನೆಯಲ್ಲಿ ಜಿಗಿಯುವಾಗ ನಾನು ಎದುರಿಂದ ವಿಡಿಯೊ ಮಾಡುತ್ತೇನೆ. ಕಾಲೂರುವಾಗ ಮೊಣಕಾಲು ಒಳಗೆ ವಾಲಬಾರದು, ಪಾದದ ನೇರಕ್ಕೇ ಬಾಗಬೇಕು. ಅವಳಿಗೆ ಇದು ಕಿರಿಕಿರಿ. ಇರಲಿ ಬಿಡಿ.

ಕಾಲೇಜು ಕೋಚ್‌ಗಳ ಫೋನಿಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1 ಕೋಚ್‌ಗಳು ಹತ್ತನೇ ಗ್ರೇಡ್ ಮುಗಿದ ಮೇಲೆ, ಜೂನ್ 15ರಿಂದಷ್ಟೇ ಮಕ್ಕಳ ಜೊತೆ ಸೇರ್ಪಡೆಯ ಮಾತಾಡಬಹುದು. ಅದಕ್ಕೂ ಮೊದಲೇ ಕಾಲೇಜು ಕೋಚ್‌ಗಳು ಬಂದು ನೋಡುವ ಶೋಕೇಸ್ ಟೂರ್ನಿ ಅಂತ ವಿಮಾನ ಹತ್ತಿಸುವ ಕ್ಲಬ್ ಆದರೆ, ಅವಳನ್ನು ಎಷ್ಟು ಹೊತ್ತು ಆಡಿಸುತ್ತೀರಿ ಅಂತ ಬಾಯಿಬಿಟ್ಟು ಕೇಳಿ.