ಆಫ್ರಿಕಾದ ಮಲಾವಿ, ಜಾಂಬಿಯಾ ಕಡೆ ಪೋಸ್ಟಿಂಗಿಗೆ ಹೊರಟ ನರ್ಸಿಂಗ್ ವಿದ್ಯಾರ್ಥಿಗಳಿಗೆ

ಮೊದಲು ಮಲೇರಿಯಾ ವಿಷಯ. ಅಲ್ಲಿ ಜಾಸ್ತಿ ಇರುವುದು ಫಾಲ್ಸಿಪಾರಂ ಅನ್ನುವ ಅಪಾಯಕಾರಿ ಬಗೆಯ ಮಲೇರಿಯಾ. ತಡಮಾಡಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು. ಅದು ಬರದಂತೆ ತಡೆಯಲು ಯಾವ ಮಾತ್ರೆ ಅನ್ನುವುದನ್ನು ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿ. ಹೆಚ್ಚಿನವರು ಎಡವುವುದು ವಾಪಸ್ ಬಂದ ಮೇಲೆ. ಮನೆ ಸೇರಿದೆವಲ್ಲ ಅಂತ ಮಾತ್ರೆ ಬಿಟ್ಟುಬಿಡುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ 4 ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ ತಗೊಳ್ಳಲೇಬೇಕು.

ಮಲೇರಿಯಾ ಹರಡುವ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ನೈಟ್ ಡ್ಯೂಟಿಯಲ್ಲಿ ಸೊಳ್ಳೆಪರದೆಯೊಳಗೆ ಕೂರಲು ಆಗುವುದಿಲ್ಲ, ಅಲ್ವಾ? ಸಾಕ್ಸ್ ಹಾಕಿ, ಕಾಲಿನ ಗಿಣ್ಣಿನ ಸುತ್ತ ಸೊಳ್ಳೆ ದೂರವಿಡುವ ಡೀಟ್ ಇರುವ ಕ್ರೀಮ್ ಹಚ್ಚಿ. ಕೈಗೆ ಹಚ್ಚಿ ಕಾಲು ಮರೆಯುವವರೇ ಜಾಸ್ತಿ.

ಮಲಾವಿ ಸರೋವರದ ನೀರು ಕನ್ನಡಿಯಂತಿರುತ್ತದೆ, ಇಳಿಯುವ ಆಸೆ ಆಗುವುದು ಸಹಜ. ಆದರೆ ಅಲ್ಲಿ ಬಿಲ್ಹಾರ್ಜಿಯಾ ಅನ್ನುವ ಹುಳುವಿನ ರೋಗ ಇದೆ. ಬಸವನಹುಳುವಿನಿಂದ ಹೊರಬಂದ ಮರಿಹುಳು ಚರ್ಮ ತೂರಿ ಮೈಯೊಳಗೆ ಹೋಗುತ್ತದೆ. ಇಳಿದೇಬಿಟ್ಟಿದ್ದರೆ ಮುಚ್ಚಿಡಬೇಡಿ, ಎರಡು-ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿ.

ಹೊರಗೆ ಒಣಗಿಸಿದ ಬಟ್ಟೆಗೆ ಬಿಸಿ ಇಸ್ತ್ರಿ ಹಾಕಿ, ಹೊಲಿಗೆಯ ಅಂಚಿಗೂ. ಪುಟ್ಸಿ ನೊಣ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಇಡುತ್ತದೆ, ಅದರ ಮರಿಹುಳು ಚರ್ಮದೊಳಗೆ ಹೊಕ್ಕು ಕುರು ಏಳುತ್ತದೆ. ಅಸಹ್ಯ, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ.

ವಾರ್ಡಿನಲ್ಲಿ ಕ್ಷಯಕ್ಕೆ ಎನ್95 ಮಾಸ್ಕ್ ನೀವೇ ಒಯ್ಯಿರಿ. ರೋಗಿಗೆ ಬಳಸಿದ ಸೂಜಿ ನಿಮಗೆ ಚುಚ್ಚಿದರೆ ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಅದು ಎಲ್ಲಿ ಸಿಗುತ್ತದೆ ಅಂತ ಮೊದಲ ದಿನವೇ ಸಿಸ್ಟರನ್ನು ಕೇಳಿಟ್ಟುಕೊಳ್ಳಿ.

ಬಂದ ಮೇಲೆ ಜ್ವರ ಬಂದರೆ ಸುಮ್ನೆ ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ. ಎಲ್ಲಿಗೆ ಹೋಗಿದ್ದಿರಿ ಅಂತ ಹೇಳಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.