ಎಳೆಯುವ ಜೀಪಿನ ಹಿಂದಿನ ಚಕ್ರ ಕುಪ್ಪಳಿಸದಂತೆ ಮಾಡಲು

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಏರುದಾರಿಗಳಲ್ಲಿ ಕೆಂಪುಕಲ್ಲಿನ ಟ್ರೈಲರನ್ನೋ ಹೂತುಹೋದ ವಾಹನವನ್ನೋ ಎಳೆಯುವಾಗ ಜೀಪು ಅಥವಾ ಪಿಕಪ್ಪಿನ ಹಿಂಚಕ್ರ ದಡದಡನೆ ಕುಪ್ಪಳಿಸುತ್ತಿದ್ದರೆ, ಹಿಂದಿನ ಲೀಫ್ ಸ್ಪ್ರಿಂಗಿನಲ್ಲಿ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಆಕ್ಸಲ್‌ನಿಂದ, ಅಂದರೆ ಎರಡು ಹಿಂಚಕ್ರಗಳ ನಡುವಿನ ಅಚ್ಚಿನಿಂದ, ಮುಂದಿರುವ ಅರ್ಧಭಾಗದ ಪ್ಲೇಟುಗಳನ್ನು ಎರಡು ಕಡೆ ಕ್ಲಾಂಪ್ ಹಾಕಿ ಬಿಗಿಯಿರಿ. ಹಿಂದಿನ ಅರ್ಧವನ್ನು ಸಡಿಲವಾಗಿಯೇ ಬಿಡಿ. ಎಳೆತದ ಭಾರ ಬಿದ್ದಾಗ ಆಕ್ಸಲ್ ಹೌಸಿಂಗಿನ (ಆಕ್ಸಲ್‌ನ ಹೊರಕವಚ) ಮುಂದಿನ ಮೂತಿ ಮೇಲಕ್ಕೆ ತಿರುಗುತ್ತದೆ, ಸ್ಪ್ರಿಂಗಿನ ಮುಂಭಾಗ ಮೇಲಕ್ಕೆ ಬಾಗುತ್ತದೆ, ಟಯರಿನ ಹಿಡಿತ ತಪ್ಪಿದ ಕ್ಷಣದಲ್ಲಿ ಅದು ಹಿಂದಕ್ಕೆ ಚಿಮ್ಮಿ ಚಕ್ರವನ್ನು ಎಬ್ಬಿಸುತ್ತದೆ. ಒಟ್ಟಾಗಿ ಬಿಗಿದ ಪ್ಲೇಟುಗಳು ಒಂದೇ ಗಟ್ಟಿ ತೋಳಿನಂತೆ ವರ್ತಿಸುವುದರಿಂದ ಈ ತಿರುಚುವಿಕೆ ತುಂಬಾ ಕಡಿಮೆಯಾಗುತ್ತದೆ, ಹಿಂಭಾಗ ಮಾತ್ರ ಎಂದಿನಂತೆ ಹೊಂಡಗುಂಡಿಗಳನ್ನು ತಾಳಿಕೊಳ್ಳುತ್ತದೆ. ಕ್ಲಾಂಪ್ ಬದಲು ಪ್ಲೇಟುಗಳಿಗೆ ವೆಲ್ಡಿಂಗ್ ಮಾತ್ರ ಖಂಡಿತ ಮಾಡಿಸಬೇಡಿ, ಕಾವಿಗೆ ಉಕ್ಕಿನ ಹದ ಕೆಟ್ಟು ಅದೇ ಜಾಗದಲ್ಲಿ ತುಂಡಾಗುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಿದ್ದರೆ, ಸ್ಪ್ರಿಂಗ್ ತುದಿಯ ಕಣ್ಣಿನೊಳಗಿನ ಬುಶ್ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ, ಇಲ್ಲವೇ ಪ್ಲೇಟುಗಳನ್ನು ನಡುವೆ ಜೋಡಿಸಿಟ್ಟ ಸೆಂಟರ್ ಬೋಲ್ಟ್ ಮುರಿದಿದ್ದರೆ ಕ್ಲಾಂಪಿನಿಂದ ಪ್ರಯೋಜನವಿಲ್ಲ. ಮೊದಲು ಅವನ್ನು ಸರಿಪಡಿಸಬೇಕು. ರಿವರ್ಸ್ ಗೇರಿನಲ್ಲಿ ಎಳೆಯುವಾಗ ತಿರುಚುವಿಕೆಯ ದಿಕ್ಕೇ ಬದಲಾಗುವುದರಿಂದ ಇದರ ಲಾಭವನ್ನು ನಿರೀಕ್ಷಿಸಬಾರದು, ಕಾಯಿಲ್ ಸ್ಪ್ರಿಂಗಿನ ವಾಹನಕ್ಕಂತೂ ಇದು ಅನ್ವಯಿಸುವುದೇ ಇಲ್ಲ. ಕ್ಲಾಂಪ್ ಹಾಕಿದ ಮೇಲೂ ಕುಪ್ಪಳಿಕೆ ಶುರುವಾದರೆ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಏಕೆಂದರೆ ಎದ್ದ ಚಕ್ರ ನೆಲ ಹಿಡಿಯುವ ಆ ಹೊಡೆತಕ್ಕೇ ಆಕ್ಸಲ್ ಶಾಫ್ಟ್ ಮುರಿಯುವುದು.